ಎಫ್‌ಐಆರ್ ಗಾಯಾಳುವಿನ ಮೇಲೆಯೇ ಇದ್ದಾಗ

ಚಿಕ್ಕಮಗಳೂರಿನಲ್ಲಿ ಮೋಟಾರು ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುತ್ತ ಬಂದಿರುವ ನನಗೆ, ಗಾಯಗೊಂಡವರ ಮೇಲೆಯೇ ಎಫ್‌ಐಆರ್ ಆಗಿರುವ ಪ್ರಕರಣವೆಂದರೆ ಈಗಲೂ ತುಸು ಅಳುಕು. 2022ರ ಜುಲೈನಲ್ಲಿ ಬಂದದ್ದು ಅಂಥದೇ. ಮೂಡಿಗೆರೆಯ ಹ್ಯಾಂಡ್‌ಪೋಸ್ಟ್‌ಗೆ ಮೊದಲು ಸಿಗುವ ಒಂದು ತಿರುವಿನಲ್ಲಿ, ಎದುರಿನಿಂದ ಬಂದ ಗೂಡ್ಸ್ ಟೆಂಪೊ ಡಿಕ್ಕಿಯಾಗಿ, ಕಾರು ಓಡಿಸುತ್ತಿದ್ದ, ಕಾಫಿ ತೋಟದ ಲೆಕ್ಕ-ಕೆಲಸ ನೋಡಿಕೊಳ್ಳುವ ರೈಟರೊಬ್ಬರ ಬಲತೊಡೆಯ ಮೂಳೆ ಮುರಿದಿತ್ತು. ಅವರು ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗಲೇ ಟೆಂಪೊ ಚಾಲಕ ದೂರು ಬರೆಸಿದ್ದ. ಮುಂದೆ ದೋಷಾರೋಪಣ ಪಟ್ಟಿಯೂ ಇವರ ಮೇಲೆಯೇ ಸಲ್ಲಿಕೆಯಾಯಿತು.

ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ, ತಪ್ಪು ಯಾರದೆಂದು ರುಜುವಾತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೇಳಬಹುದಿತ್ತು. ಆಸ್ಪತ್ರೆಯ ಖರ್ಚೇ ಅದನ್ನು ಮೀರುವಂತಿದ್ದುದರಿಂದ 166ನೇ ಕಲಮನ್ನು ಆರಿಸಿಕೊಂಡು, ಕಾಯ್ದೆ ವಿಧಿಸಿದ ಆರು ತಿಂಗಳ ಗಡುವಿನೊಳಗೆ ಅರ್ಜಿ ಹಾಕಿದೆ. ಆ ಕಲಮಿನಡಿ ಎದುರು ಚಾಲಕನ ನಿರ್ಲಕ್ಷ್ಯವನ್ನು ನಾವೇ ತೋರಿಸಬೇಕು. ಆದರೆ ಕ್ರಿಮಿನಲ್ ಪ್ರಕರಣದಲ್ಲಿ ಬೇಕಾಗುವಂತೆ ಸಂಶಯಾತೀತವಾಗಿ ತೋರಿಸಬೇಕಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂಬಷ್ಟು ಸಾಕು. ದೋಷಾರೋಪಣ ಪಟ್ಟಿ ಪರಿಹಾರದ ಅರ್ಜಿ ವಿಚಾರಿಸುವ ನ್ಯಾಯಮಂಡಳಿಯನ್ನು ಕಟ್ಟಿಹಾಕುವುದಿಲ್ಲ ಎಂಬುದೇ ನನ್ನ ಧೈರ್ಯವಾಗಿತ್ತು.

ಪೊಲೀಸರ ಸ್ಥಳ ಮಹಜರು ನಡೆದದ್ದು ಮರುದಿನ. ಅಷ್ಟರಲ್ಲಿ ಎರಡೂ ವಾಹನಗಳು ಠಾಣೆಯ ಅಂಗಳ ಸೇರಿದ್ದವು, ರಾತ್ರಿಯಿಡೀ ಮಳೆ ಹೊಡೆದಿತ್ತು. ನಕ್ಷೆಯಲ್ಲಿ ರಸ್ತೆಯ ನಡುವೆ ಒಂದು ಗುಣಾಕಾರದ ಗುರುತಿತ್ತೇ ಹೊರತು ಯಾವ ಅಂಚಿನಿಂದ ಎಷ್ಟು ಅಡಿ ಎಂಬುದಿರಲಿಲ್ಲ. ಅದಕ್ಕಾಗಿ ಡಿಕ್ಕಿಯಾದ ಕೂಡಲೇ ಅಲ್ಲಿ ನಿಂತಿದ್ದವರನ್ನು ಹುಡುಕಿದೆ. ಪಕ್ಕದ ತೋಟದ ಹುಡುಗನೊಬ್ಬನ ಮೊಬೈಲಿನಲ್ಲಿ ನಾಲ್ಕು ಫೋಟೊಗಳಿದ್ದವು. ಒಂದರಲ್ಲಿ ಕಾರಿನ ಎಡಗಾಲಿಗಳು ಟಾರು ಬಿಟ್ಟು ಮಣ್ಣಿಗೆ ಇಳಿದಿದ್ದವು. ಬಲಗಾಲಿಯ ಮುಂದೆ ಒಡೆದ ಗಾಜೂ ಕೆಂಪು ಮಣ್ಣಿನ ಹೆಂಟೆಗಳೂ ಬಿದ್ದಿದ್ದವು. ಮಲೆನಾಡಿನ ಗಾಡಿಗಳ ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡಿರುವ ಮಣ್ಣು ಡಿಕ್ಕಿಯ ಹೊಡೆತಕ್ಕೆ ಉದುರುತ್ತದೆ. ಗಾಜು ದೂರ ಸಿಡಿಯಬಹುದು, ಈ ಹೆಂಟೆ ಹೆಚ್ಚು ದೂರ ಹೋಗುವುದಿಲ್ಲ. ಮಳೆಗಾಲದಲ್ಲಿ ಅದರ ಆಯುಷ್ಯ ಒಂದು ಗಂಟೆಯೂ ಇರಲಿಕ್ಕಿಲ್ಲ.

ಫೋಟೊದಲ್ಲಿ ಕಾಣುತ್ತಿದ್ದ ಮೈಲಿಗಲ್ಲನ್ನು ಗುರುತಿಟ್ಟುಕೊಂಡು ನಾನೇ ಟೇಪು ಹಿಡಿದು ಅಳೆದೆ. ಟಾರಿನ ಅಗಲ 23 ಅಡಿ, ಹೆಂಟೆ ಬಿದ್ದಿದ್ದ ಜಾಗ ನಮ್ಮ ಎಡ ಅಂಚಿನಿಂದ ಸುಮಾರು 5 ಅಡಿ. ಆ ಹುಡುಗನನ್ನು ಸಾಕ್ಷಿಯಾಗಿ ಕರೆಸಿ, ಫೋಟೊಗಳ ಜೊತೆ, ಎಲೆಕ್ಟ್ರಾನಿಕ್ ಸಾಕ್ಷ್ಯವನ್ನು ದೃಢೀಕರಿಸುವ, ಆಗಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರವನ್ನೂ ಹಾಜರುಪಡಿಸಿದೆ. ಇದನ್ನು ಮರೆತು ಒಳ್ಳೆಯ ಫೋಟೊಗಳನ್ನು ಕಳೆದುಕೊಂಡ ವಕೀಲರನ್ನು ನಾನು ಕಂಡಿದ್ದೇನೆ.

ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಎರಡೂ ವಾಹನಗಳ ಬಲ ಮುಂಭಾಗ ಜಖಂಗೊಂಡಿದೆ ಎಂದಿತ್ತು. ಟೆಂಪೊದ ವಿಮಾ ಕಂಪನಿಯ ವಕೀಲರು, ಇದರಿಂದ ಇಬ್ಬರೂ ನಡುಗೆರೆ ದಾಟಿದ್ದರೆಂದು ತಿಳಿಯುತ್ತದೆ ಎಂದು ವಾದಿಸಿದರು. ಬರೀ ಜಖಂ ನೋಡಿದರೆ ಯಾರು ದಾಟಿದರೆಂದು ಹೇಳಲಾಗದು, ನಿಜ. ಆದರೆ ಡಿಕ್ಕಿಯ ಜಾಗ ನಮ್ಮ ಅಂಚಿನಿಂದ 5 ಅಡಿಯಲ್ಲಿದ್ದರೆ ಟೆಂಪೊ ತನ್ನ ಪಾಲಿನ ಹನ್ನೊಂದೂವರೆ ಅಡಿ ಬಿಟ್ಟು ಆರು ಅಡಿಗೂ ಹೆಚ್ಚು ಈಚೆ ಬಂದಿರಲೇಬೇಕು. ಪಾಟೀಸವಾಲಿನಲ್ಲಿ ನಿರೀಕ್ಷಕರು ಇದನ್ನು ಒಪ್ಪಿಕೊಂಡರು. ಟೆಂಪೊ ಚಾಲಕನನ್ನು ಕಂಪನಿಯವರು ಸಾಕ್ಷಿಕಟ್ಟೆಗೆ ತರಲೇ ಇಲ್ಲ. ಆ ಮೌನವನ್ನು ಅವರ ವಿರುದ್ಧವೇ ಪರಿಗಣಿಸಬೇಕೆಂದು ಕೇಳಿಕೊಂಡೆ.

ತೀರ್ಪಿನಲ್ಲಿ ಟೆಂಪೊ ಚಾಲಕನ ತಪ್ಪು ಶೇಕಡಾ 80, ನಮ್ಮವರದು 20 ಎಂದಾಯಿತು. ಮಂಜು ಕವಿದಿದ್ದರೂ ಹೆಡ್‌ಲೈಟ್ ಹಾಕಿರಲಿಲ್ಲವೆಂದು ಅವರೇ ಪಾಟೀಸವಾಲಿನಲ್ಲಿ ಹೇಳಿದ್ದು ಅದಕ್ಕೆ ಕಾರಣ. ಎದುರಿನವನು ಪೂರ್ತಿ ನಮ್ಮ ಪಾಲಿಗೆ ನುಗ್ಗಿದ್ದಾಗ ಆ ಲೈಟಿನಿಂದ ಏನು ಬದಲಾಗುತ್ತಿತ್ತು ಎಂಬುದು ನನ್ನ ವಾದ, ಈಗಲೂ ಅದೇ. ಹೈಕೋರ್ಟಿಗೆ ಮೇಲ್ಮನವಿ ಹಾಕೋಣವೆಂದೆ. ರೈಟರು ಒಪ್ಪಲಿಲ್ಲ. "ಲೈಟ್ ಹಾಕಿರ್ಲಿಲ್ಲ ಅನ್ನೋದು ನಿಜಾನೇ ಅಲ್ವಾ ಸಾರ್" ಎಂದರು.