ಹಿತ್ತಿಲಲ್ಲಿ ಇದ್ದಿಲಿನ ಗ್ರಿಲ್: ಯಾವುದು ಕೊಳ್ಳಬೇಕು, ಕೆಂಡ ಹೇಗೆ ಹದ ಮಾಡಬೇಕು?

ಗ್ರಿಲ್ ಮೇಲೆ ಬೇಯಿಸಿದ ಕೋಳಿ ಹೊರಗೆ ಕರಕಲಾಗಿ, ಮೂಳೆಯ ಹತ್ತಿರ ಹಸಿಯಾಗೇ ಉಳಿದರೆ ಅದು ಮಸಾಲೆಯ ತಪ್ಪಲ್ಲ. ಕೆಂಡ ಹದಕ್ಕೆ ಬರುವ ಮೊದಲೇ ತುಂಡುಗಳನ್ನು ಇಟ್ಟಿರುತ್ತಾರೆ, ಇಲ್ಲವೇ ಒಲೆಯ ತುಂಬಾ ಕೆಂಡ ಹರಡಿರುತ್ತಾರೆ. ಇವೆರಡನ್ನೂ ಸರಿಪಡಿಸಿಕೊಳ್ಳಬಹುದು. ಆದರೆ ಅದಕ್ಕೆ ಒದಗುವಂಥ ಗ್ರಿಲ್ ಇರಬೇಕು.

ಕೊಳ್ಳುವಾಗ

ಮುಚ್ಚಳ ಇರುವುದನ್ನೇ ಆರಿಸಿ. ಕಬಾಬ್ ಅಂಗಡಿಗಳಲ್ಲಿರುವಂಥ ಉದ್ದನೆಯ ತೆರೆದ ಒಲೆ ಸಣ್ಣ ತುಂಡುಗಳಿಗೆ, ಸೀಕ್ ಕಬಾಬಿಗೆ ಸಾಕು. ಇಡೀ ಕೋಳಿಕಾಲು ಒಳಗಿನವರೆಗೆ ಬೇಯಲು ಸುತ್ತಲಿಂದಲೂ ಶಾಖ ಬೇಕು, ಅದು ಮುಚ್ಚಳವಿದ್ದರೆ ಮಾತ್ರ ಸಿಗುತ್ತದೆ. ಈಗ ಎಲ್ಲೆಡೆ ಸಿಗುವ ದುಂಡನೆಯ ಕೆಟಲ್ ಗ್ರಿಲ್ ಹುಟ್ಟಿದ್ದು 1952ರಲ್ಲಿ, ಅಮೆರಿಕದ ವೆಬರ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್ ಕೈಯಲ್ಲಿ. ನೀರಿನ ಮೇಲೆ ತೇಲಿಬಿಡುವ ಲೋಹದ ಗೋಳವನ್ನು ಅರ್ಧ ಮಾಡಿ, ಒಂದು ಭಾಗವನ್ನು ಒಲೆಯಾಗಿ, ಇನ್ನೊಂದನ್ನು ಮುಚ್ಚಳವಾಗಿ ಅವರು ಬಳಸಿಕೊಂಡರು. ಇಂದಿಗೂ ಮನೆಬಳಕೆಗೆ ಇದಕ್ಕಿಂತ ಒಳ್ಳೆಯ ಆಕಾರ ಇಲ್ಲ.

ನಾಲ್ಕೈದು ಜನರ ಮನೆಗೆ 45 ಸೆಂ.ಮೀ. ವ್ಯಾಸ ಸಾಕು, ನೆಂಟರಿಷ್ಟರು ಸೇರುವ ಮನೆಗೆ 57 ಸೆಂ.ಮೀ. ಬೇಕು. ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಿ. ಹೆಬ್ಬೆರಳಿನಿಂದ ಒತ್ತಿದಾಗ ತಗಡು ಒಳಕ್ಕೆ ಬಾಗಿದರೆ ಬೇಡ, ಒಂದೆರಡು ಸಲ ಕಾದ ಮೇಲೆ ಅದು ಸೊಟ್ಟಗಾಗುತ್ತದೆ. ಕೆಳಗೊಂದು, ಮುಚ್ಚಳದಲ್ಲೊಂದು ಗಾಳಿಕಿಂಡಿ ಇರಬೇಕು, ಎರಡನ್ನೂ ಪೂರ್ತಿ ಮುಚ್ಚುವಂತಿರಬೇಕು. ಕಂಬಿಗಳು ಸ್ಟೀಲಿನವಾಗಿದ್ದು ಪೆನ್ಸಿಲಿನಷ್ಟಾದರೂ ದಪ್ಪ ಇರಲಿ. ಹಣ ಉಳಿಸಲು ಸತುವಿನ ಲೇಪವಿರುವ ಜಾಲರಿಯನ್ನು ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಕಾದಾಗ ಸತುವಿನ ಹೊಗೆ ಏಳುತ್ತದೆ. ಕರಾವಳಿ, ಮಲೆನಾಡಿನವರು ಬರೀ ಬಣ್ಣ ಬಳಿದದ್ದರ ಬದಲು ಎನಾಮಲ್ ಲೇಪದ ಗ್ರಿಲ್ ಕೊಳ್ಳುವುದು ಮೇಲು, ಒಂದೇ ಮಳೆಗಾಲಕ್ಕೆ ತುಕ್ಕು ಹತ್ತುವುದಿಲ್ಲ.

ಯಾವ ಇದ್ದಿಲು?

ತೆಂಗಿನ ಚಿಪ್ಪಿನ ಇದ್ದಿಲು ಜೋರು ಶಾಖ ಕೊಡುತ್ತದೆ, ಹೊಗೆ ಕಡಿಮೆ. ಜಾಲಿ ಮರದ ಇದ್ದಿಲು ಬೇಗ ಹೊತ್ತುತ್ತದೆ, ಕಿಡಿ ಹೆಚ್ಚು. ಅಚ್ಚಿನಲ್ಲಿ ಒತ್ತಿದ ಬ್ರಿಕೆಟ್ ನಿಧಾನಕ್ಕೆ ಹೊತ್ತಿ ಹೆಚ್ಚು ಹೊತ್ತು ಒಂದೇ ಸಮನೆ ಉರಿಯುತ್ತದೆ, ಬೂದಿ ಮಾತ್ರ ಜಾಸ್ತಿ. ನಾಲ್ಕು ಜನರ ಅಡುಗೆಗೆ ಒಂದರಿಂದ ಒಂದೂಕಾಲು ಕಿಲೋ ಇದ್ದಿಲು ಬೇಕಾಗುತ್ತದೆ. ಚೀಲದ ತಳದ ಪುಡಿಯನ್ನು ಒಲೆಗೆ ಸುರಿಯಬೇಡಿ, ಅದು ಸಂದುಗಳಲ್ಲಿ ತುಂಬಿ ಗಾಳಿ ತಡೆಯುತ್ತದೆ. ಇದ್ದಿಲು ತೇವ ಹೀರಿಕೊಂಡರೆ ಹೊತ್ತುವಾಗ ಚಟಪಟ ಸಿಡಿಯುತ್ತದೆ. ಮುಚ್ಚಳ ಭದ್ರವಾಗಿರುವ ಡ್ರಮ್ಮಿನಲ್ಲಿ ಇಡಿ.

ಹೊತ್ತಿಸುವುದು

ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಅಪಾಯ ಒಂದು ಕಡೆ, ಅದರ ವಾಸನೆ ಮಾಂಸಕ್ಕೆ ಹತ್ತಿದರೆ ಯಾವ ಮಸಾಲೆಯೂ ಮುಚ್ಚಲಾರದು. ಗ್ರಿಲ್ ಜೊತೆಗೆ ಒಂದು ಚಿಮಣಿ ಕೊಳ್ಳಿ: ತಳದಲ್ಲಿ ತೂತುಗಳಿರುವ, ಹಿಡಿಕೆಯಿರುವ ತಗಡಿನ ಕೊಳವೆ ಅದು. ಮೇಲೆ ಇದ್ದಿಲು ತುಂಬಿ, ಕೆಳಗೆ ಎರಡು ಹಾಳೆ ಹಳೇ ಪೇಪರ್ ಸುಕ್ಕು ಮಾಡಿ ತುರುಕಿ, ಕಡ್ಡಿ ಗೀರಿ. ಬಿಸಿಗಾಳಿ ಮೇಲಕ್ಕೆ ಎಳೆಯುವುದರಿಂದ ಬೀಸಣಿಗೆಯ ಕೆಲಸವಿಲ್ಲ. 15–20 ನಿಮಿಷದಲ್ಲಿ ಮೇಲಿನ ಇದ್ದಿಲಿನ ಅಂಚು ಬೂದಿ ಬಣ್ಣಕ್ಕೆ ತಿರುಗುತ್ತದೆ. ಚರ್ಮದ ಕೈಗವಸು ಹಾಕಿಕೊಂಡು ಒಲೆಗೆ ಸುರಿಯಿರಿ. ಕಪ್ಪು ಇದ್ದಿಲು ಇನ್ನೂ ಕಾಣುತ್ತಿದ್ದರೆ, ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕಾಯಿರಿ. ಹೊಸ ಗ್ರಿಲ್ಲಾದರೆ ಮೊದಲ ಸಲ ಏನೂ ಇಡದೆ ಅರ್ಧ ಗಂಟೆ ಉರಿಸಿ, ಕಾರ್ಖಾನೆಯ ಎಣ್ಣೆಯೆಲ್ಲ ಸುಟ್ಟುಹೋಗಲಿ.

ಅರ್ಧ ಒಲೆಗೆ ಮಾತ್ರ ಕೆಂಡ

ಕೆಂಡವನ್ನೆಲ್ಲ ಒಂದು ಬದಿಗೆ ಎಳೆದು ಸುಮಾರು 5 ಸೆಂ.ಮೀ. ದಪ್ಪಕ್ಕೆ ಹರಡಿ, ಇನ್ನೊಂದು ಬದಿ ಖಾಲಿ ಬಿಡಿ. ಬಣ್ಣ ಬರಿಸಲು ಬಿಸಿ ಬದಿ, ಒಳಗೆ ಬೇಯಿಸಲು ತಂಪು ಬದಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ತುಂಡುಗಳನ್ನು ತಂಪು ಬದಿಗೆ ಸರಿಸಿ ಮುಚ್ಚಳ ಹಾಕಿ. ನೀರು ಎರಚಿದರೆ ಬೂದಿ ಹಾರಿ ಊಟದ ಮೇಲೆ ಕೂರುತ್ತದೆ.

ಶಾಖ ನೋಡಲು ಅಂಗೈಯನ್ನು ಕಂಬಿಯಿಂದ ಸುಮಾರು 12 ಸೆಂ.ಮೀ. ಮೇಲೆ ಹಿಡಿಯಿರಿ. ಎರಡು-ಮೂರು ಸೆಕೆಂಡಿಗೇ ಕೈ ಹಿಂದೆಗೆದರೆ ಜೋರು ಶಾಖ, ನಾಲ್ಕೈದು ಸೆಕೆಂಡ್ ತಡೆದರೆ ಮಧ್ಯಮ. ಮೇಲಿನ ಕಿಂಡಿ ತೆರೆದೇ ಇರಲಿ, ಶಾಖ ಏರಿಸಿ ಇಳಿಸುವುದು ಕೆಳಗಿನ ಕಿಂಡಿಯಿಂದ.

ಒಂದು ಕಿಲೋ ಕೋಳಿಕಾಲಿಗೆ ಅರ್ಧ ಬಟ್ಟಲು ಗಟ್ಟಿ ಮೊಸರು, ಎರಡು ದೊಡ್ಡ ಚಮಚ ಶುಂಠಿ-ಬೆಳ್ಳುಳ್ಳಿ, ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದೂವರೆ ಚಮಚ ಉಪ್ಪು, ಅರ್ಧ ನಿಂಬೆ ರಸ. ನಾಲ್ಕು ಗಂಟೆ ಫ್ರಿಜ್‌ನಲ್ಲಿಡಿ. ಗ್ರಿಲ್ ಮೇಲೆ ಇಡುವ ಮುಂಚೆ ಹೆಚ್ಚಿನ ಮಸಾಲೆ ಸವರಿ ತೆಗೆಯಿರಿ, ದಪ್ಪ ಮಸಾಲೆ ಸೀದು ಕಹಿಯಾಗುತ್ತದೆ. ಬಿಸಿ ಬದಿಯಲ್ಲಿ ಎರಡೂ ಮಗ್ಗುಲು ಮೂರು-ನಾಲ್ಕು ನಿಮಿಷ, ಆಮೇಲೆ ತಂಪು ಬದಿಯಲ್ಲಿ ಮುಚ್ಚಿ 25–30 ನಿಮಿಷ. ಮೂಳೆಯ ಪಕ್ಕ ಥರ್ಮಾಮೀಟರ್ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಬೆಲ್ಲ, ಜೇನು ಸವರುವುದಿದ್ದರೆ ಕೊನೆಯ ಐದು ನಿಮಿಷದಲ್ಲಿ.

ಬಂಗುಡೆ ಕಂಬಿಗೆ ಅಂಟುವುದು ಎರಡು ಕಾರಣಕ್ಕೆ: ಮೀನು ಒದ್ದೆ ಇರುತ್ತದೆ, ಕಂಬಿ ಕಾದಿರುವುದಿಲ್ಲ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಗೀರು ಹಾಕಿ ಮಸಾಲೆ ತುಂಬಿ, ಮೀನಿಗೇ ಎಣ್ಣೆ ಸವರಿ. ನಾಲ್ಕೈದು ನಿಮಿಷ ಮುಟ್ಟಬೇಡಿ. ಸಿಪ್ಪೆ ಗರಿಗರಿಯಾದ ಮೇಲೆ ಅದಾಗಿಯೇ ಬಿಟ್ಟುಕೊಳ್ಳುತ್ತದೆ, ಆಗ ಒಂದೇ ಸಲ ತಿರುವಿ. ಪನೀರಿಗೆ ಮಗ್ಗುಲಿಗೆ ಎರಡು ನಿಮಿಷ ಸಾಕು. ಊಟ ಮುಗಿದ ಮೇಲೆ ಉಳಿದ ಕೆಂಡದಲ್ಲಿ, ಅಲ್ಲಲ್ಲಿ ಚುಚ್ಚಿ ಎಣ್ಣೆ ಸವರಿದ ಎರಡು ಗುಂಡು ಬದನೆ ಇಡಿ. ಚುಚ್ಚದಿದ್ದರೆ ಸಿಡಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ, ಮರುದಿನದ ಗೊಜ್ಜಿಗೆ ಆಯಿತು.

ಜಾಗ, ಬೂದಿ, ಶುಚಿ

ಗೋಡೆ, ಬಟ್ಟೆ ತಂತಿ, ಪ್ಲಾಸ್ಟಿಕ್ ನೀರಿನ ಟ್ಯಾಂಕಿನಿಂದ ಮೂರು ಮೀಟರ್ ದೂರವಿಡಿ, ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ. ಮುಚ್ಚಿದ ಬಾಲ್ಕನಿ, ಗ್ಯಾರೇಜ್ ಇದಕ್ಕೆ ಸಲ್ಲದು. ಚಳಿಯೆಂದು ಉಳಿದ ಕೆಂಡವನ್ನು ಕೋಣೆಯೊಳಗೆ ತರುವುದಂತೂ ಪ್ರಾಣಕ್ಕೆ ಎರವು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಕಂಬಿ ಬಿಸಿಯಿರುವಾಗಲೇ ಅರ್ಧ ಹೋಳು ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಉಜ್ಜಿ, ತಣಿದ ಮೇಲೆ ತೆಂಗಿನ ನಾರಿನಿಂದ ತಿಕ್ಕಿ. ತಂತಿ ಬ್ರಷ್ಷಿನ ಎಳೆ ಉದುರಿ ಊಟದೊಳಗೆ ಸೇರಿದರೆ ಗಂಟಲು, ಕರುಳಿಗೆ ಚುಚ್ಚಿಕೊಳ್ಳುತ್ತದೆ. ಎರಡೂ ಕಿಂಡಿ ಮುಚ್ಚಿದರೆ ಕೆಂಡ ಆರುತ್ತದೆ, ಉಳಿದ ಇದ್ದಿಲನ್ನು ಮುಂದಿನ ಸಲ ಹೊಸದರ ಜೊತೆ ಬೆರೆಸಿ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರಬಹುದು. ಎರಡು ದಿನ ಬಿಟ್ಟು ಕಬ್ಬಿಣದ ಡಬ್ಬಕ್ಕೆ ತುಂಬಿ, ಕಸದ ಚೀಲಕ್ಕೆ ನೇರವಾಗಿ ಸುರಿಯಬೇಡಿ.