ಟ್ಯೂಬ್ ಮೇಜಿನ ಮೇಲಿದ್ದ ಆ ಮೂರು ಗಂಟೆ

ರೋಗಾಣುಗಳನ್ನು ಕೊಲ್ಲುವ ಪುಟ್ಟ ಪ್ರೋಟೀನ್ ಎಲ್‌ಎಲ್-37 ರಕ್ತದಲ್ಲಿ ಎಷ್ಟಿದೆ ಎಂದು ಎಲೈಸಾದಲ್ಲಿ (ಆಂಟಿಬಾಡಿ ಮತ್ತು ಬಣ್ಣದಿಂದ ಪ್ರೋಟೀನ್ ಅಳೆಯುವ ಪರೀಕ್ಷೆ) ಅಳೆಯುತ್ತಿದ್ದೆ. ಗೊತ್ತಿರುವ ಪ್ರಮಾಣಗಳಿಂದ ಹಾಕುವ ಅಳತೆಗೆರೆ, ಅಂದರೆ ಸ್ಟ್ಯಾಂಡರ್ಡ್ ಕರ್ವ್, ಚೆನ್ನಾಗಿ ಬಂದಿತ್ತು. ಆದರೆ ಒಬ್ಬರದೇ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಎರಡು ದಿನ ಎರಡು ಉತ್ತರ ಕೊಟ್ಟಿತು. ಕಿಟ್ ಮೇಲೆ ಅನುಮಾನಪಟ್ಟೆ, ಪಿಪೆಟ್ ಪರೀಕ್ಷಿಸಿದೆ. ಎರಡು ವಾರ ಸುಮ್ನೆ ಹೋಯಿತು.

ನೋಟ್‌ಬುಕ್ ತಿರುವಿದಾಗ ಕಾರಣ ಸಿಕ್ಕಿತು. ಒಂದು ದಿನ ರಕ್ತದ ಟ್ಯೂಬ್ ಅರ್ಧ ಗಂಟೆಯಲ್ಲಿ ಸೆಂಟ್ರಿಫ್ಯೂಜ್‌ಗೆ (ವೇಗವಾಗಿ ತಿರುಗಿಸಿ ಬೇರ್ಪಡಿಸುವ ಯಂತ್ರ) ಹೋಗಿತ್ತು. ಇನ್ನೊಂದು ದಿನ ಮೂರು ಗಂಟೆ ಮೇಜಿನ ಮೇಲೇ ಇತ್ತು.

ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಇಂಥ ಪ್ರೋಟೀನ್‌ಗಳನ್ನು ಒಳಗಿನ ಗ್ರ್ಯಾನ್ಯೂಲ್‌ಗಳೆಂಬ ಪುಟ್ಟ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ರಕ್ತ ಹೆಪ್ಪುಗಟ್ಟುವಾಗ ಕೆರಳಿ ಹೊರಗೆ ಚೆಲ್ಲುತ್ತವೆ. ಅಂದರೆ ನಾನು ಅಳೆದದ್ದರಲ್ಲಿ ಮೈಯೊಳಗಿನದು ಎಷ್ಟು, ಟ್ಯೂಬಿನಲ್ಲಿ ಚೆಲ್ಲಿದ್ದು ಎಷ್ಟು ಎಂದು ಹೇಳುವ ಹಾಗೇ ಇರಲಿಲ್ಲ.

ಒಂದೇ ಕೈಯಿಂದ, ಒಂದೇ ಸೂಜಿಯಲ್ಲಿ ಎರಡು ಟ್ಯೂಬ್ ರಕ್ತ ತೆಗೆಸಿದೆ. ಒಂದು ಇಡಿಟಿಎ ಪ್ಲಾಸ್ಮಾಕ್ಕೆ (ಇಡಿಟಿಎ ಹಾಕಿ ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವ), ಒಂದು ಸೀರಮ್‌ಗೆ. ಎಲೈಸಾದ ಕೊನೆಯಲ್ಲಿ ಆಸಿಡ್ ಹಾಕಿದಾಗ ನೀಲಿ ಬಣ್ಣ ಹಳದಿಗೆ ತಿರುಗಿತು. ಪ್ಲೇಟಿನಲ್ಲಿ ಪ್ಲಾಸ್ಮಾದ ವೆಲ್‌ಗಳು (ಪುಟ್ಟ ಗುಳಿಗಳು) ತೆಳು ಹಳದಿ, ಪಕ್ಕದ ಸೀರಮ್ ವೆಲ್‌ಗಳು ಗಾಢ. ಬಣ್ಣ ಗಾಢವಾದಷ್ಟೂ ಪ್ರೋಟೀನ್ ಹೆಚ್ಚು. 450 ನ್ಯಾನೋಮೀಟರ್‌ನಲ್ಲಿ ಓದುವ ಮೊದಲೇ ಕಣ್ಣಿಗೆ ಗೊತ್ತಾಯಿತು. ಅವತ್ತಿನಿಂದ ಇಡಿಟಿಎ ಟ್ಯೂಬ್ ಮಾತ್ರ. ಹೆಪ್ಪು ತಡೆಯುವ ಇನ್ನೊಂದು ವಸ್ತು ಹೆಪಾರಿನ್ ಇರುವ ಟ್ಯೂಬ್ ಬೇಡವೇ ಬೇಡ. ಎಲ್‌ಎಲ್-37 ಧನ ಆವೇಶದ್ದು, ಹೆಪಾರಿನ್ ಋಣ ಆವೇಶದ್ದು, ಎರಡೂ ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್‌ಗೂ ಅದು ಅಂಟುತ್ತದೆ. ಹಾಗಾಗಿ ಕಡಿಮೆ ಅಂಟುವ ಲೋ-ಬೈಂಡ್ ಟ್ಯೂಬ್ ಬಳಸುತ್ತೇನೆ, ಪ್ರತಿ ಪ್ಲೇಟಿನಲ್ಲೂ ಗೊತ್ತಿರುವಷ್ಟು ಎಲ್‌ಎಲ್-37 ಸೇರಿಸಿ ಎಷ್ಟು ವಾಪಸ್ ಸಿಗುತ್ತದೆ ಎಂದು ನೋಡುತ್ತೇನೆ.

ಜೀವಕೋಶಗಳದ್ದು ಬೇರೆಯೇ ಪಾಠ. 1.077 ಸಾಂದ್ರತೆಯ ಫೈಕಾಲ್ ದ್ರವದ ಮೇಲೆ ರಕ್ತ ಸುರಿದು ತಿರುಗಿಸಿದರೆ ಲಿಂಫೋಸೈಟ್, ಮಾನೋಸೈಟ್ ಎಂಬ ಬಿಳಿ ಕಣಗಳು ನಡುವೆ ಬಿಳಿ ಉಂಗುರವಾಗಿ ನಿಲ್ಲುತ್ತವೆ. ನ್ಯೂಟ್ರೋಫಿಲ್‌ಗಳು ಕೆಂಪು ಕಣಗಳ ಜೊತೆ ತಳಕ್ಕಿಳಿಯುತ್ತವೆ. ಆ ಉಂಗುರದಲ್ಲಿ ಡಿಫೆನ್ಸಿನ್ (ರೋಗಾಣು ಕೊಲ್ಲುವ ಇನ್ನೊಂದು ಪುಟ್ಟ ಪ್ರೋಟೀನ್) ಜಾಸ್ತಿ ಸಿಕ್ಕಿತೆಂದು ಒಮ್ಮೆ ಹಿಗ್ಗಿದ್ದೆ. ಸ್ಲೈಡ್ ಮಾಡಿ ನೋಡಿದರೆ ಅಲ್ಲಲ್ಲಿ ಹಾಲೆ ಹಾಲೆಯಾದ ನ್ಯೂಕ್ಲಿಯಸ್‌ಗಳು, ಉಂಗುರಕ್ಕೆ ನುಸುಳಿದ ನ್ಯೂಟ್ರೋಫಿಲ್‌ಗಳು! ಅವುಗಳಲ್ಲಿ ಡಿಫೆನ್ಸಿನ್ ಎಷ್ಟು ತುಂಬಿರುತ್ತದೆಂದರೆ, ಕೆಲವೇ ಸೇರಿದರೂ ಲೆಕ್ಕ ಕೆಡುತ್ತದೆ. ಈಗ ಪ್ರತಿ ಸಲ ನ್ಯೂಟ್ರೋಫಿಲ್ ಗುರುತಿಸುವ ಸಿಡಿ66ಬಿ ಆಂಟಿಬಾಡಿ ಹಾಕಿ, ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್‌ನಲ್ಲಿ ನೋಡಿಯೇ ಮುಂದುವರಿಯುತ್ತೇನೆ.

ನ್ಯೂಟ್ರೋಫಿಲ್ ಒಡೆಯುವಾಗ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯುವ ಔಷಧ ಮೊದಲೇ ಬಫರ್‌ನಲ್ಲಿರಬೇಕು. ಇಲ್ಲದಿದ್ದರೆ ಅವುಗಳದೇ ಪ್ರೋಟಿಯೇಸ್‌ಗಳು ಎಲ್ಲವನ್ನೂ ಕತ್ತರಿಸುತ್ತವೆ. ಕೋಶದೊಳಗೆ ಇರುವುದು ಎಲ್‌ಎಲ್-37ರ ದೊಡ್ಡ ಮೂಲರೂಪ, ಎಚ್‌ಕ್ಯಾಪ್18. ಹೊರಬಂದ ಮೇಲೆ ಪ್ರೋಟಿನೇಸ್ 3 ಎಂಬ ಕಿಣ್ವ ಅದನ್ನು ಕತ್ತರಿಸಿ ಎಲ್‌ಎಲ್-37 ಮಾಡುತ್ತದೆ. ಬಹಳಷ್ಟು ಎಲೈಸಾಗಳಿಗೆ ಇವೆರಡರ ವ್ಯತ್ಯಾಸ ತಿಳಿಯದು. ಅದಕ್ಕೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಮೆಂಬ್ರೇನ್ ಹಾಳೆಯ ಮೇಲೆ ಗುರುತಿಸುವ ವೆಸ್ಟರ್ನ್ ಬ್ಲಾಟ್ ಬೇಕೇ ಬೇಕು. 0.2 ಮೈಕ್ರಾನ್ ರಂಧ್ರದ ಮೆಂಬ್ರೇನ್ ತಗೊಳ್ಳಿ, 0.45ರಲ್ಲಿ ಈ ಚಿಕ್ಕ ಪೆಪ್ಟೈಡ್ ತೂರಿಕೊಂಡು ಹೋಗಿಬಿಡಬಹುದು.

ನನ್ನ ಶೀಟಿನಲ್ಲಿ ಈಗ ಎರಡು ಕಾಲಂ ಹೆಚ್ಚಾಗಿವೆ. ಸೂಜಿ ಚುಚ್ಚಿದ ಸಮಯ, ಸೆಂಟ್ರಿಫ್ಯೂಜ್ ಶುರುವಾದ ಸಮಯ. ನಡುವೆ ಒಂದು ಗಂಟೆ ದಾಟಿದ್ದರೆ ಆ ಟ್ಯೂಬ್ ಪ್ಲೇಟಿಗೆ ಹೋಗುವುದಿಲ್ಲ. ರಕ್ತ ಕೊಟ್ಟವರ ಮುಖ ನೆನಪಾಗಿ ಕಷ್ಟವಾಗುತ್ತದೆ, ಆದರೂ ಹಾಕುವುದಿಲ್ಲ.