ಡೆಂಗಿ, ಚಿಕೂನ್‌ಗುನ್ಯಾ ಒಟ್ಟಿಗೇ ಬರುವ ಸಾಧ್ಯತೆ: ಲೆಕ್ಕ ಹಾಕುವ ಬಗೆ

ಒಂದು ಊರಲ್ಲಿ ಡೆಂಗಿ ಏಳುವ (ಅಂದರೆ ಕೇಸು ಮಾಮೂಲಿಗಿಂತ ತುಂಬಾ ಹೆಚ್ಚುವ) ಸಾಧ್ಯತೆ ಇಷ್ಟು, ಚಿಕೂನ್‌ಗುನ್ಯಾದ್ದು ಇಷ್ಟು, ಎರಡನ್ನೂ ಗುಣಿಸಿದರೆ ಆಯ್ತಲ್ವಾ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಮಾತ್ರ ಗುಣಾಕಾರ ಸರಿ. ಇಲ್ಲಿ ಎರಡನ್ನೂ ಹರಡುವುದು ಅದೇ ಈಡಿಸ್ ಸೊಳ್ಳೆ. ಅದು ಮೊಟ್ಟೆ ಇಡುವುದೂ ಅದೇ ಡ್ರಮ್ಮು, ಅದೇ ಹಳೇ ಟೈರು, ಅದೇ ಎಳನೀರು ಬುರುಡೆಯಲ್ಲಿ.

ಮೊದಲು ರೋಗ 'ಎದ್ದಿದೆ' ಅಂದರೆ ಏನು ಅಂತ ಗಟ್ಟಿ ಮಾಡಿಕೊಳ್ಳಿ. ಕಳೆದ 5 ವರ್ಷ ಅದೇ ವಾರ ಬಂದ ಕೇಸುಗಳ ಸರಾಸರಿ ತೆಗೆಯಿರಿ, ಅದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನ (ಅಂಕಿಗಳು ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತವೆ ಅನ್ನುವ ಅಳತೆ) ಎರಡರಷ್ಟು ಕೂಡಿಸಿ. ಕೇಸು ಅದನ್ನು ದಾಟಿದರೆ ಎದ್ದಿದೆ ಅಂತ ಲೆಕ್ಕ.

ಆಮೇಲೆ ವರ್ಷವನ್ನು ಸೊಳ್ಳೆ ಜಾಸ್ತಿ ಇರುವ ವಾರ, ಕಮ್ಮಿ ಇರುವ ವಾರ ಅಂತ ಒಡೆಯಿರಿ. ಉದಾಹರಣೆಗೆ ಸುಮ್ನೆ ಕೆಲವು ಅಂಕಿ ಇಟ್ಟುಕೊಳ್ಳೋಣ. ಎರಡೂ ಬಗೆಯ ವಾರಗಳು ಅರ್ಧರ್ಧ. ಸೊಳ್ಳೆ ಜಾಸ್ತಿ ಇದ್ದಾಗ ಡೆಂಗಿ ಏಳುವ ಸಾಧ್ಯತೆ 0.40, ಚಿಕೂನ್‌ಗುನ್ಯಾ 0.30. ಕಮ್ಮಿ ಇದ್ದಾಗ 0.04 ಮತ್ತು 0.02. ವರ್ಷದ ಸರಾಸರಿ ನೋಡಿದರೆ ಡೆಂಗಿ 0.22, ಚಿಕೂನ್‌ಗುನ್ಯಾ 0.16. ನೇರವಾಗಿ ಗುಣಿಸಿದರೆ ಸುಮಾರು 3.5%. ಆದರೆ ಸೊಳ್ಳೆಯ ಮಟ್ಟ ಒಂದೇ ಇರುವ ಭಾಗದೊಳಗೆ ಎರಡಕ್ಕೂ ಬೇರೆ ಸಂಬಂಧ ಇಲ್ಲ ಅಂತ ಹಿಡಿದು, ಒಂದೊಂದು ಭಾಗದೊಳಗೆ ಬೇರೆಬೇರೆಯಾಗಿ ಗುಣಿಸಿ (0.12 ಮತ್ತು 0.0008), ಆ ಎರಡರ ಸರಾಸರಿ ತೆಗೆದರೆ 6%. ಹಾಸಿಗೆ, ಪರೀಕ್ಷೆ ಕಿಟ್ಟು, ನರ್ಸುಗಳನ್ನು ಮೊದಲೇ ಹೊಂದಿಸಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಸೊಳ್ಳೆ ಎಣಿಕೆ ಸಿಗದಿದ್ದರೆ ಮಳೆಯ ಅಂಕಿ ಬಳಸಿ. ಆದರೆ ಅದೇ ವಾರದ ಮಳೆ ಬೇಡ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ, ವೈರಸ್ ಸೊಳ್ಳೆಯೊಳಗೆ ಬೆಳೆಯಲು ಇನ್ನಷ್ಟು ದಿನ, ಕಚ್ಚಿದ ಮೇಲೆ ಜ್ವರ ಬರಲು ಮತ್ತೆ ಕೆಲವು ದಿನ ಬೇಕು. ಹಾಗಾಗಿ ಮೂರರಿಂದ ಆರು ವಾರ ಹಿಂದಿನ ಮಳೆಯನ್ನು ಜೋಡಿಸಿ ನೋಡಿ.

ಸೊಳ್ಳೆಯ ಮಟ್ಟ ಎರಡಕ್ಕಿಂತ ಜಾಸ್ತಿ ಬೇಕೆನಿಸಿದರೆ ಎಕ್ಸೆಲ್‌ಗೆ ಹೋಗಿ. ಮೊದಲ ಕಾಲಂನಲ್ಲಿ ರ್‍ಯಾಂಡ್ ಫಂಕ್ಷನ್‌ನಿಂದ (0ಯಿಂದ 1ರೊಳಗಿನ ಯಾವುದೋ ಒಂದು ಅಂಕಿ ಕೊಡುವ ಸೂತ್ರ) ಸೊಳ್ಳೆಯ ಮಟ್ಟ ಆರಿಸಿ, ಆ ಮಟ್ಟಕ್ಕೆ ತಕ್ಕ ಸಾಧ್ಯತೆ ಹಿಡಿದು ಮುಂದಿನ ಎರಡು ಕಾಲಂಗಳಲ್ಲಿ ಒಂದೊಂದು ರೋಗ ಎದ್ದಿತೋ ಇಲ್ಲವೋ ನೋಡಿ. 10,000 ಸಾಲು ಎಳೆದು, ಎರಡೂ ಎದ್ದ ಸಾಲುಗಳನ್ನು ಎಣಿಸಿ, 10,000ದಿಂದ ಭಾಗಿಸಿ.

ಅಂಕಿಗಳನ್ನು ನಂಬುವ ಮೊದಲು ಒಂದನ್ನು ವಿಚಾರಿಸಿ: ಚಿಕೂನ್‌ಗುನ್ಯಾ ಪರೀಕ್ಷೆ ನಿಜಕ್ಕೂ ಮಾಡಿದ್ದಾರಾ? ಎರಡರಲ್ಲೂ ಜ್ವರ, ಮೈಕೈ ನೋವು ಇರುತ್ತದೆ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿತ್ತು. ಅಂಥ ವರ್ಷ ಡೆಂಗಿಗೆ ಮಾತ್ರ ರಕ್ತ ಕಳಿಸಿದ್ದರೆ, ಇನ್ನೊಂದು ರೋಗ ನಿಮ್ಮ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಪರೀಕ್ಷೆ ಮಾಡದ ವಾರಗಳನ್ನು ಸೊನ್ನೆ ಅಂತ ತುಂಬಬೇಡಿ, ಖಾಲಿ ಬಿಡಿ.